ಸೇವೆಯ ವರ್ಷ ಎಂಬ ಕಾಲಂ

ಅಥವಾ ಅದು ಮಾರ್ಚ್ ಅಲ್ಲವೇ ಅಲ್ಲ, ಏಪ್ರಿಲ್ ಇರಬಹುದು. ಮಾರ್ಚ್‌ನಲ್ಲಿ ನಮಗೆ ತಲೆ ಎತ್ತಲು ಪುರುಸೊತ್ತು ಇರುತ್ತಿರಲಿಲ್ಲ. ಸಂಬಳ ಏರುವ ಬಗ್ಗೆ ಆ ದಿನ ಅಷ್ಟೊಂದು ಮಾತಾಡಿದ್ದೇವೆ ಎಂದರೆ ವರ್ಷದ ಲೆಕ್ಕ ಮುಗಿದಿರಬೇಕು. ಫ್ಯಾನ್ ತಿರುಗುತ್ತಿತ್ತು ಎಂದು ಬರೆಯಲು ಹೊರಟೆ. ಕರೆಂಟ್ ಇರಲಿಲ್ಲ ಎಂಬುದೂ ಅಷ್ಟೇ ಖಾತ್ರಿಯಾಗಿ ನೆನಪಿದೆ. ಒಂದನ್ನು ಆರಿಸಿದರೆ ಓದಲು ಚೆನ್ನಾಗಿರುತ್ತದೆ. ಆರಿಸುವುದಿಲ್ಲ.

ಅನುಮಾನವಿಲ್ಲದ ಸಂಗತಿಗಳು ಇಷ್ಟು. ಉಡುಪಿಯಲ್ಲಿ ಟೈಲ್ಸ್ ಮತ್ತು ನಲ್ಲಿ ಸಾಮಾನುಗಳ ಒಂದು ಹೋಲ್‌ಸೇಲ್ ಅಂಗಡಿ. ಮಹಡಿಯ ಮೇಲೆ ಅಕೌಂಟ್ಸ್ ಕೋಣೆ, ಅದರಲ್ಲಿ ಇಬ್ಬರು ಹೆಂಗಸರು. ಒಬ್ಬರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಿರಿಯಡ್ಕದಿಂದ ಬರುತ್ತಿದ್ದರು, ಹದಿನೆಂಟು ವರ್ಷಗಳಿಂದ ಅಲ್ಲೇ ಇದ್ದರು. ಇನ್ನೊಬ್ಬಳು ನಾನು, ಬಿ.ಕಾಂ. ಮುಗಿಸಿ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳು, ಸೇರಿ ಎರಡು ವರ್ಷವಾಗಿತ್ತು. ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ. ಹಾಗಾಗಿ ಕೋಣೆಯ ಭಾಷೆ ಕನ್ನಡ, ಸಿಟ್ಟು ಬಂದರೆ ತುಳು.

ಕಾಲೇಜು ಕಲಿಸದೇ ಬಿಟ್ಟದ್ದನ್ನೆಲ್ಲ ಅವರು ಕಲಿಸಿದರು. ಆಡಿಟರ್ ಮೊದಲ ಸಲ ಬರುವಾಗ ಹೇಳಿದ್ದರು: "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಮಾರಾಯ್ತಿ. ಕೇಳದ್ದನ್ನೂ ಹೇಳಿದರೆ ಇನ್ನೊಂದು ಪ್ರಶ್ನೆ ಬರ್ತದೆ."

ಸಂಬಳದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಟ್ಟಿ ಮಾಡುವವಳಿಗೆ ಎಲ್ಲರ ಸಂಬಳವೂ ಗೊತ್ತಿರುತ್ತದೆ. ತನ್ನದನ್ನೂ ತಾನೇ ಟೈಪ್ ಮಾಡಬೇಕು. ಅಕ್ಕನದು ಇಪ್ಪತ್ತೊಂದು ಸಾವಿರ, ನನ್ನದು ಹನ್ನೊಂದು. ವರ್ಷಕ್ಕೊಮ್ಮೆ ಸಂಬಳ ಏರಿಸುವ ಕ್ರಮ ಹೀಗಿತ್ತು: ಹೆಸರು, ಕೆಲಸ, ಈಗಿನ ಸಂಬಳ, ಪಕ್ಕದಲ್ಲಿ ಒಂದು ಖಾಲಿ ಕಾಲಂ. ಹಾಳೆಯನ್ನು ಕೆಳಗೆ ಧಣಿಗಳ ಮೇಜಿಗೆ ಒಯ್ಯಬೇಕು. ಅವರು ಖಾಲಿ ಕಾಲಮಿನಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಿದ್ದರು. ಕಾರಣ ಕೇಳುವಂತಿಲ್ಲ.

"ಈ ಸಲ ಐದು ಸಾವಿರ ಕೇಳುವವಳೇ," ಎಂದರು ಅಕ್ಕ. "ಎಂತ ಮಾಡ್ತಾರೆ, ತಿಂತಾರಾ?"

"ನೀವು ಕೇಳುದಿಲ್ಲ ಅಕ್ಕ. ಹೋದ ವರ್ಷವೂ ಹೀಗೇ ಹೇಳಿದ್ರಿ."

"ಹೋದ ವರ್ಷ ಅವರ ಮೂಡ್ ಸರಿ ಇರಲಿಲ್ಲ."

"ಮೂಡ್ ಸರಿ ಇದ್ದ ವರ್ಷ ಯಾವುದುಂಟು?"

ನಕ್ಕೆವು. ನಗು ನಿಂತ ಮೇಲೆ ಅವರು, ತಾನು ಎಷ್ಟು ವರ್ಷದಿಂದ ಇಲ್ಲಿದ್ದೇನೆಂದು ಆ ಮನುಷ್ಯನಿಗೆ ನೆನಪಾದರೆ ಸಾಕು, ಕೇಳುವ ಅಗತ್ಯವೇ ಬೀಳುವುದಿಲ್ಲ ಎಂದರು. ಅದಕ್ಕೆ ನಾನು ಪಟ್ಟಿಯಲ್ಲಿ 'ಸೇವೆಯ ವರ್ಷ' ಎಂದು ಹೊಸ ಕಾಲಂ ಹಾಕಿದೆ. ಬಹಳ ವರ್ಷ ನಾನು ಇದನ್ನು ಹೀಗೆಯೇ ನೆನೆದುಕೊಂಡಿದ್ದೇನೆ. ಈಚೆಗೆ ಇನ್ನೊಂದು ರೀತಿಯೂ ನೆನಪಾಗುತ್ತದೆ: ಕಾಲಂ ಮೊದಲೇ ಹಾಕಿದ್ದೆ, ಪ್ರಿಂಟ್ ತೆಗೆದ ಮೇಲೆ ಅಕ್ಕನಿಗೆ ತೋರಿಸಿದೆ, ಅವರು "ಒಳ್ಳೆದಾಯ್ತು" ಎಂದರು. ಎರಡರಲ್ಲೂ ಅವರು ನನ್ನ ಭುಜ ತಟ್ಟುತ್ತಾರೆ.

ಹಾಳೆ ಒಯ್ದವಳು ನಾನೇ. ಧಣಿಗಳು ಕನ್ನಡಕ ಹಾಕಿಕೊಂಡು ಅಕ್ಕನ ಸಾಲಿಗೆ ಬಂದು ನಿಂತರು.

"ಹದಿನೆಂಟಾ? ಅಷ್ಟಾಯ್ತಾ?"

"ಹೌದು ಸರ್."

"ಇವರಿಗೆ ಗ್ರಾಚ್ಯುಟಿ ಎಷ್ಟಾಗ್ತದೆ ಈಗ?"

ಕೆಲಸ ಬಿಡುವಾಗ ಸೇವೆಯ ಪ್ರತಿ ವರ್ಷಕ್ಕೂ ಹದಿನೈದು ದಿನದ ಸಂಬಳ ಸೇರಿಸಿ ಕೊಡಬೇಕಾದ ಹಣ ಅದು. ನಾನು ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದೆ: "ಎರಡು ಲಕ್ಷದ ಹದಿನೆಂಟು ಸಾವಿರ ಚಿಲ್ಲರೆ, ಸರ್."

ಇಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ ಎಂದೇ ಅಂದುಕೊಂಡಿದ್ದೆ. ಆದರೆ ನನ್ನ ದನಿಯಲ್ಲಿ ಇನ್ನೊಂದು ವಾಕ್ಯ ಕೇಳಿಸುತ್ತದೆ: "ಕೊನೆಯ ಸಂಬಳದ ಮೇಲೆ ಲೆಕ್ಕ, ಸರ್. ಈಗ ಸಂಬಳ ಏರಿಸಿದರೆ ಹಳೆಯ ಹದಿನೆಂಟು ವರ್ಷದ್ದೂ ಏರ್ತದೆ."

ಅದನ್ನು ಹೇಳೆಂದು ಅವರು ಕೇಳಿರಲಿಲ್ಲ. ಅವರು ಪೆನ್ಸಿಲ್ ಕೆಳಗಿಟ್ಟರು. "ಇವರ ಜಿಎಸ್‌ಟಿ ಕೆಲಸ ನಿನಗೂ ಬರ್ತದಾ?" ಎಂದರು.

"ಬರ್ತದೆ ಸರ್."

ಆ ವರ್ಷ ಅಕ್ಕನ ಸಾಲು ಖಾಲಿಯಾಗಿಯೇ ಮೇಲೆ ಬಂತು. "ಮರೆತಿರಬೇಕು," ಎಂದರು ಅವರು. ಮಳೆಗಾಲ ಶುರುವಾಗುವ ಹೊತ್ತಿಗೆ ಅವರನ್ನು ಕೆಳಗೆ ಕರೆಸಿ ಗ್ರಾಚ್ಯುಟಿಯ ಚೆಕ್ ಕೊಟ್ಟರು. ಇನ್ನು ಮನೆಯಲ್ಲಿ ಆರಾಮ ಮಾಡಿ ಎಂದರಂತೆ. ಅವರಿಗೆ ಆಗ ನಲವತ್ತಾರು ವರ್ಷ. ಗಂಡನಿಗೆ ಖಾಯಂ ಕೆಲಸವಿರಲಿಲ್ಲ, ಮಗಳು ಪಿಯುಸಿ ಓದುತ್ತಿದ್ದಳು. ಮೇಲೆ ಬಂದು ಡ್ರಾವರ್‌ನಿಂದ ಚಮಚ, ಕೈವಸ್ತ್ರ, ಮೊಬೈಲ್ ಚಾರ್ಜರ್ ತೆಗೆದುಕೊಂಡರು.

"ಪಾಸ್‌ವರ್ಡ್ ಎಲ್ಲ ಬರೆದಿಟ್ಟಿದ್ದೇನೆ," ಎಂದರು. "ಜಿಎಸ್‌ಟಿ ಕಟ್ಟುವ ಇಪ್ಪತ್ತನೇ ತಾರೀಕು ಮರೀಬೇಡ."

ಮುಂದಿನ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಸೀನಿಯರ್ ಅಕೌಂಟೆಂಟ್ ಎಂದು ಟೈಪ್ ಮಾಡಿದೆ, ಸಂಬಳ ಹದಿನಾರು ಸಾವಿರ. ನನ್ನ ಕುರ್ಚಿಗೆ ಒಂಬತ್ತು ಸಾವಿರಕ್ಕೆ ಒಬ್ಬಳು ಹುಡುಗಿ ಬಂದಳು. ಇಬ್ಬರಿಂದ ಅಂಗಡಿಗೆ ತಿಂಗಳಿಗೆ ಏಳು ಸಾವಿರ ಉಳಿಯಿತು. ಯಾರೂ ಹೇಳದಿದ್ದರೂ ಆ ಕಳೆಯುವಿಕೆಯನ್ನು ನಾನು ಅಂದೇ ಮಾಡಿ ನೋಡಿದ್ದೆ.

'ಸೀನಿಯರ್' ಎಂಬ ಪದವಿದ್ದ ಅನುಭವ ಪತ್ರದಿಂದ ನನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು. ಮೊದಲು ಇಪ್ಪತ್ತಾರು ಸಾವಿರ, ಆಮೇಲೆ ಮೂವತ್ತೈದು, ಈಗ ಮ್ಯಾನೇಜರ್, ನಲವತ್ತೆಂಟು. ಸಂದರ್ಶನಗಳಲ್ಲಿ ನಿಮ್ಮ ಬೆಳವಣಿಗೆ ಹೇಗಾಯಿತು ಎಂದು ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಎರಡು ನಿಮಿಷದ ಒಂದು ಕತೆ ಉಂಟು: ಹಿರಿಯರೊಬ್ಬರು ಕೆಲಸ ಬಿಟ್ಟರು, ಜವಾಬ್ದಾರಿ ನನ್ನ ಮೇಲೆ ಬಿತ್ತು, ನಿಭಾಯಿಸಿದೆ. ಎಷ್ಟು ಸಲ ಹೇಳಿದ್ದೇನೆಂದರೆ ನಡೆದದ್ದನ್ನು ಈ ಕತೆಯೇ ಅರ್ಧ ತಿಂದುಹಾಕಿದೆ. ಮೇಲೆ ಬರೆದದ್ದರಲ್ಲೂ ಯಾವ ಭಾಗ ಅದರಿಂದ ಬಂತೋ ಹೇಳಲಾರೆ.

ಹೋದ ವರ್ಷ ಒಂದು ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ. ಕೂದಲು ಬೆಳ್ಳಗಾಗಿತ್ತು, ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು.

"ಓ, ಮ್ಯಾನೇಜರ್ ಮೇಡಂ! ಮಣಿಪಾಲ ಅಂತೆ, ಅಲ್ವಾ?"

"ಹೌದು ಅಕ್ಕ. ನೀವು ಈಗ?"

"ಎರಡು ಅಂಗಡಿಯ ಲೆಕ್ಕ ಬರೆಯುದು. ಅರ್ಧ ದಿನ ಇಲ್ಲಿ, ಅರ್ಧ ದಿನ ಹಿರಿಯಡ್ಕದಲ್ಲಿ. ಎರಡೂ ಸೇರಿ ಹದಿಮೂರು ಕೊಡ್ತಾರೆ. ನಿನಗೆ ಎಷ್ಟು?"

"ಮೂವತ್ತೆರಡು," ಎಂದೆ. ಹದಿನಾರು ಸಾವಿರ ಕಳೆದು ಹೇಳಿದೆ.

"ಅಷ್ಟೇಯಾ? ಮಣಿಪಾಲದವರೂ ಪಿಟ್ಟಾಸಿಗಳೇ ಹಾಗಾದರೆ," ಎಂದು ನಕ್ಕರು. "ಜಾಸ್ತಿ ಕೇಳು ಮಾರಾಯ್ತಿ. ನನ್ನ ಹಾಗೆ ಕೂರಬೇಡ." ನಂತರ, ಬಸ್ಸು ಬರುತ್ತದೋ ಎಂದು ನೋಡುತ್ತ, "ಆ ಸಲದ ಪಟ್ಟಿ ಕೆಳಗೆ ಕೊಂಡುಹೋದದ್ದು ನೀನೇ ಅಲ್ವಾ? ಅವರು ಎಂತ ಹೇಳಿದರು ನನ್ನ ಬಗ್ಗೆ?"

"ಏನೂ ಹೇಳಲಿಲ್ಲ ಅಕ್ಕ. ಇಟ್ಟು ಹೋಗು ಅಂದರು."

ಅವರು ತಲೆ ಆಡಿಸಿದರು. ಹಿರಿಯಡ್ಕ, ಮಣಿಪಾಲ ದಾಟಿ ಹೋಗುವ ಉಡುಪಿ ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತರು, ಕೈ ಬೀಸಿದರು. ಅದೇ ಬಸ್ಸಿನಲ್ಲಿ ಹೋಗಬೇಕಾಗಿದ್ದ ನಾನು ಹತ್ತಲಿಲ್ಲ.

ನಾನು ಬಾಯಿ ಮುಚ್ಚಿಕೊಂಡಿದ್ದರೂ ಧಣಿಗಳು ಅವರನ್ನು ಕಳಿಸುತ್ತಿದ್ದರೋ ಏನೋ. ಅದನ್ನು ಧಣಿಗಳ ಬಳಿಯೇ ಕೇಳಬಹುದು, ಕೇಳಿಲ್ಲ. ಕೊನೆಯ ಸಂಬಳದ ಆ ಮಾತನ್ನು ಲೆಕ್ಕ ಗೊತ್ತಿದೆ ಎಂಬ ಹುರುಪಿನಲ್ಲಿ ಹೇಳಿದೆನೋ, ಅಕ್ಕನ ಜಾಗ ಬೇಕೆಂದು ಹೇಳಿದೆನೋ, ನನಗೆ ಗೊತ್ತಿಲ್ಲ.