ಗಿರಣಿ ಸಾಲಿಗೆ ಬಂದ ಹಳದಿ ಪಟ್ಟಿ

ಸಾಲು ತಪ್ಪಿಸಿ ಮುಂದೆ ಹೋಗುವುದರಲ್ಲಿ ನನ್ನನ್ನು ಮೀರಿಸುವವನು ಹೊಳಲ್ಕೆರೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ "ಬಸ್ಸು ಆ ಕಡೆ ಗೇಟಿಗೆ ಬಂದೈತೆ, ಓಡ್ರಿ!" ಎಂದು ಕೂಗಿ, ಜನರೆಲ್ಲ ಅತ್ತ ಓಡಿದ ಮೇಲೆ ಇತ್ತ ಬಂದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದವನು ನಾನು. ಹೊಸದುರ್ಗದ ಒಂದು ಮದುವೆಯಲ್ಲಿ ಊಟದ ಹಾಲಿನ ಬಾಗಿಲಿಗೆ ಜನ ಒತ್ತಿಕೊಂಡು ನಿಂತಿದ್ದಾಗ, ಉಪ್ಪಿನ ಬಟ್ಟಲು ಹಿಡಿದು ಬಡಿಸುವವನಂತೆ ಒಳಹೊಕ್ಕೆ. ಎರಡು ಎಲೆಗೆ ಉಪ್ಪು ಬಡಿಸಿದೆ. ಮೂರನೇ ಎಲೆಯ ಮುಂದೆ ನಾನೇ ಕೂತೆ.

ಇಂಥವನು ಎಪ್ಪತ್ತು ದಾಟಿದ ಮೇಲೆ ಹಿಮದ ಮೇಲೆ ನಿಂತು ನ್ಯಾಯ ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ನನ್ನ ಗೆಳೆಯನಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

ಗೆಳೆಯ ಎಂದರೆ ನಮ್ಮೂರ ಹಿಟ್ಟಿನ ಗಿರಣಿಯ ಯಜಮಾನ. ಚಿತ್ರದುರ್ಗದ ಕೋಟೆಯಲ್ಲಿ ಪಾಳೇಗಾರ ನಾಯಕರಿದ್ದ ಕಾಲದಲ್ಲಿ ಅವನ ಹಿರಿಯರು ದುರ್ಗಕ್ಕೆ ಬಂದು ಕತ್ತಿಗೆ ಸಾಣೆ ಹಿಡಿಯುತ್ತಿದ್ದರಂತೆ. ಕತ್ತಿಗಳು ಮುಗಿದ ಮೇಲೆ ಮನೆತನ ಬೀಸುವ ಕಲ್ಲಿಗೆ ಇಳಿಯಿತು. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಗ್ಗಿ ಕಲಿತವರು. ಅವನ ಟೋಪಿಯೊಳಗೆ ನಾನು ಗೊದ್ದದ ಇರುವೆ ಬಿಟ್ಟದ್ದಕ್ಕೆ ಅವನು ಇವತ್ತಿಗೂ ಟೋಪಿ ಒದರದೆ ಹಾಕಿಕೊಳ್ಳುವುದಿಲ್ಲ. ಅಷ್ಟು ಗಟ್ಟಿ ಸ್ನೇಹ.

ಎರಡು ಚಳಿಗಾಲದ ಹಿಂದೆ ಚಿತ್ರದುರ್ಗದಿಂದ ಹೊರಟ ಒಂದು ಪ್ಯಾಕೇಜ್ ಟೂರಿನಲ್ಲಿ, ನನ್ನ ಒತ್ತಾಯಕ್ಕೆ, ಇಬ್ಬರೂ ಉತ್ತರದ ಬೆಟ್ಟಗಳಿಗೆ ಹೋಗಿದ್ದೆವು. ಅಲ್ಲಿ ಬಾಡಿಗೆ ಕೋಟು ತೊಡಿಸಿ, ಬಾಡಿಗೆ ಬೂಟು ಹಾಕಿಸಿ, ಕಾಲಿಗೆ ಸ್ಕೀ ಎನ್ನುವ ಉದ್ದನೆಯ ಹಲಗೆ ಕಟ್ಟಿ, ಒಂದು ಸಾಲಿನಲ್ಲಿ ನಿಲ್ಲಿಸಿದರು. ತಂತಿಗೆ ತೂಗುಹಾಕಿದ ಕುರ್ಚಿ ಬಂದು ನಮ್ಮನ್ನು ಮೇಲಕ್ಕೆ ಒಯ್ಯಬೇಕು, ಅಲ್ಲಿಂದ ಜಾರಿಕೊಂಡು ಕೆಳಗೆ ಬರಬೇಕು. ಕುರ್ಚಿ ಬರುತ್ತಿತ್ತು. ಆದರೆ ನಮ್ಮ ಪಕ್ಕದಲ್ಲೇ ಹಗ್ಗ ಕಟ್ಟಿ ಬೇರೆ ಮಾಡಿದ ಇನ್ನೊಂದು ದಾರಿ. ಕೈಗೆ ಹಳದಿ ಪಟ್ಟಿ ಕಟ್ಟಿಕೊಂಡವರು ಆ ದಾರಿಯಿಂದ ಬಂದು, ನಮ್ಮ ಕಡೆ ನೋಡದೆ, ಕುರ್ಚಿ ಹತ್ತಿ ಹೋಗುತ್ತಿದ್ದರು. ಒಬ್ಬ ಮೂರು ಸಲ ಹೋಗಿ ಮೂರು ಸಲ ಜಾರಿ ಬಂದ. ನಾನು ಅಲ್ಲೇ ಇದ್ದೆ. ಮೀಸೆ ಮೇಲೆ ಹಿಮ ಕೂತಿತ್ತು.

"ಏನ್ಲಾ ಇದು ಅನ್ಯಾಯ?" ಎಂದೆ.

"ಅವ್ನು ಜಾಸ್ತಿ ದುಡ್ಡು ಕೊಟ್ಟ, ಹೋದ. ನೀನು ಕೊಡ್ಲಿಲ್ಲ, ನಿಂತಿದೀಯ. ಅನ್ಯಾಯ ಎಲ್ಲೈತೆ?" ಎಂದ ಗೆಳೆಯ.

"ಅವ್ನು ದುಡ್ಡು ಕೊಟ್ಟಿದ್ದು ಗೇಟಿನೋನಿಗೆ. ತಗಂಡು ಹೋಗಿದ್ದು ನನ್ನ ಸರದಿ. ನನ್ನ ಸರದೀನ ಗೇಟಿನೋನು ಹೆಂಗೆ ಮಾರ್ತಾನೆ?"

"ಅರೆ ಯಾರ್, ಹಿರಿಯೂರು ಬಸ್‌ಸ್ಟ್ಯಾಂಡಾಗೆ ನೀನು ಮಾಡಿದ್ದೇನು? ಅದೂ ಪುಕ್ಸಟ್ಟೆ ಹೋದೆ. ಇವ್ನು ಮರ್ಯಾದಸ್ತ, ದುಡ್ಡು ಕೊಟ್ಟು ಹೋಗ್ತಾನೆ."

ನಾನು ಮೀಸೆಯ ಹಿಮ ಒರೆಸಿಕೊಂಡೆ. ಕೊನೆಗೂ ಮೇಲೆ ಹೋಗಿ ಜಾರಿದೆ. ಆ ದಿನ ಅಲ್ಲಿ ಬಿದ್ದವರಲ್ಲಿ ನನ್ನಷ್ಟು ದೂರ ಉರುಳಿದವನು ಇನ್ನೊಬ್ಬನಿಲ್ಲ. ಇಬ್ಬರು ಫೋಟೋ ಹಿಡಿದರು. ಗೆಳೆಯ ಮಾತ್ರ ಜಾರಲೇ ಇಲ್ಲ. ಕೆಳಗೆ ನಿಂತು ಆ ಹಳದಿ ಪಟ್ಟಿಗಳನ್ನೇ ನೋಡುತ್ತಿದ್ದ. ಅವನು ಹಾಗೆ ನೋಡುತ್ತಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಊರಿಗೆ ಬಂದ ವಾರಕ್ಕೆ ಅವನೇ ನನ್ನನ್ನು ದುರ್ಗಕ್ಕೆ ಕರೆದೊಯ್ದು, ಸಂತೆಹೊಂಡದ ಹತ್ತಿರದ ಅಂಗಡಿಯಲ್ಲಿ ಒಂದು ಡಬ್ಬಿ ಹಳದಿ ರಬ್ಬರ್ ಪಟ್ಟಿ ಕೊಂಡ. ಮಾರನೇ ದಿನ ಗಿರಣಿಯ ಬಾಗಿಲಿಗೆ ಬೋರ್ಡು ಬಂತು: ಪಟ್ಟಿ ಇದ್ದವರಿಗೆ ಮೊದಲು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಪಟ್ಟಿ ನಿಮ್ಮದು.

ನಮ್ಮ ಗಿರಣಿಯ ಸಾಲು ಎಂಥದ್ದು ಎಂದು ಹೇಳದಿದ್ದರೆ ಇದರ ಅನಾಹುತ ತಿಳಿಯುವುದಿಲ್ಲ. ಅಲ್ಲಿರುವುದು ಒಂದೇ ಕಲ್ಲು. ಆ ಕಲ್ಲು ಹಿಂದಿನವರ ಹಿಟ್ಟನ್ನು ಸ್ವಲ್ಪ ಹೊಟ್ಟೆಯಲ್ಲಿ ಇಟ್ಟುಕೊಂಡು ಮುಂದಿನವರಿಗೆ ಕೊಡುತ್ತದೆ. ಆದ್ದರಿಂದ ಮೊದಲು ಬಂದವರಿಗೆ ಮೊದಲು ಎನ್ನುವ ನಿಯಮ ಅಲ್ಲಿಲ್ಲ. ಬೆಳಗ್ಗೆ ರಾಗಿ. ರಾಗಿ ಮುಗಿದ ಮೇಲೆ ಜೋಳ. ಆಮೇಲೆ ಗೋಧಿ, ಅಕ್ಕಿ. ಮೆಣಸಿನಕಾಯಿ ಮಧ್ಯಾಹ್ನದ ಮೇಲೆ, ಕಟ್ಟಕಡೆಗೆ. ಅದಾದ ಮೇಲೆ ತೌಡು ಬೀಸಿ ಕಲ್ಲು ತೊಳೆಯುತ್ತಾನೆ. ಗೋಧಿ ತಂದವರು ಏಳಕ್ಕೇ ಬಂದರೂ ಹೊಂಗೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಾರೆ. ಇನ್ನೂ ಒಂದು ವಿಷಯ. ಬೆಳಗ್ಗೆ ಮೊದಲು ಬೀಳುವ ಕಾಳು ಅರ್ಧ ಕಲ್ಲಿನ ಹೊಟ್ಟೆಗೇ ಹೋಗುತ್ತದೆ. ಆ ನಷ್ಟ ಯಾರಿಗೂ ಬೇಡವೆಂದು ಗೆಳೆಯನ ಅಜ್ಜನ ಕಾಲದಿಂದಲೂ ಯಜಮಾನನ ಮನೆಯ ಒಂದು ಸೇರು ರಾಗಿಯನ್ನೇ ಮೊದಲು ಹಾಕುತ್ತಾರೆ. ಹೀಗಾಗಿ ನಮ್ಮ ಸಾಲಿನಲ್ಲಿ ಮೊದಲನೆಯವನಾಗುವುದು ಯಾರಿಗೂ ಬೇಕಿರಲಿಲ್ಲ. ಈ ಸಣ್ಣ ವಿಷಯವನ್ನು ಗೆಳೆಯ ಹಿಮದಲ್ಲಿ ಮರೆತುಬಂದಿದ್ದ.

ಪಟ್ಟಿ ತೊಟ್ಟವರು ನಾಲ್ಕೈದು ಜನ. ಶಾಲೆಗೆ ಹೊರಟ ಟೀಚರಮ್ಮ, ಹೋಟೆಲಿನವನು, ಹೀಗೆ. ಟೀಚರಮ್ಮ ಬೆಳಗ್ಗೆ ಎಂಟಕ್ಕೆ ರಾಗಿಯ ನಡುವೆ ಗೋಧಿ ಹಾಕಿಸಿಕೊಂಡು ಹೋದರು. ಅವರ ಚಪಾತಿ ಬೂದಿ ಬಣ್ಣಕ್ಕೆ ತಿರುಗಿತು. ಅವರ ಹಿಂದಿನವರ ಮುದ್ದೆ ಅಂಟಂಟಾಯಿತು. ಗೆಳೆಯ ಮಾತ್ರ, "ಮೊದ್ಲು ಮೊದ್ಲು ಹಿಂಗೇ. ಅಲ್ಲಿ ಹಿಮದಾಗೆ ಯಾರಾದ್ರೂ ಕೇಳಿದ್ರಾ?" ಎನ್ನುತ್ತಿದ್ದ.

ಪೆಟ್ಟು ಬಿದ್ದದ್ದು ತಾಳ್ಯದ ಕಡೆಯ ಹಟ್ಟಿಯಿಂದ ಬರುವ ಒಬ್ಬ ಕುರಿಯವರ ಹೆಣ್ಣುಮಗಳಿಗೆ. ಹತ್ತು ದಿನಕ್ಕೊಮ್ಮೆ ಮೊದಲ ಬಸ್ಸಿಗೆ ರಾಗಿ ಚೀಲ ಹೊತ್ತು ಬರುತ್ತಾಳೆ, ಹನ್ನೊಂದರ ಬಸ್ಸಿಗೆ ಹಿಂತಿರುಗುತ್ತಾಳೆ. ಅದು ತಪ್ಪಿದರೆ ಸಂಜೆಯವರೆಗೆ ಅವಳ ಹಟ್ಟಿಗೆ ಬಸ್ಸಿಲ್ಲ. ಗಂಡ ಕುರಿ ಹೊಡೆದುಕೊಂಡು ಹುಲ್ಲುಗಾವಲಿಗೆ ಹೋಗಿರುತ್ತಾನೆ. ಮನೆಯಲ್ಲಿ ತಾಯಿ ಸತ್ತ ಎರಡು ಮರಿಗಳು. ಮಧ್ಯಾಹ್ನ ಅವಳೇ ಹೋಗಿ ಬಾಟಲಿ ಹಾಲು ಕುಡಿಸಬೇಕು. ಬೇರೆಯವರು ಹಿಡಿದರೆ ಬಾಯಿಯನ್ನೇ ಬಿಡುವುದಿಲ್ಲ. ಪಟ್ಟಿ ಬಂದ ಮೇಲೆ ಅವಳು ಎರಡು ಸಲ ಓಡಿ ಬಸ್ಸು ಹಿಡಿದಳು. ಒಂದು ಸಲ ಚಪ್ಪಲಿ ಕೈಯಲ್ಲಿ.

"ಆ ಗಿರಣಿ ಸಾಬಿಗೆ ಬೈಯಬಾರ್ದೇನಮ್ಮ?" ಎಂದೆ.

"ಯಾಕ್ ಬೈಯ್ಲಣ್ಣ? ನಮ್ಮವ್ವನ ಕಾಲದಿಂದ ಈ ಕಲ್ಲಿನ ಹಿಟ್ಟೇ ಉಂಡಿರೋದು. ಓಡಿದ್ರೆ ಬಸ್ಸು ಸಿಗ್ತೈತೆ. ನಿನ್ನ ವಯಸ್ಸಾಗ್ಲಿ, ಆಗ ಬೈತೀನಿ," ಎಂದು ನಕ್ಕಳು.

ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ನಕ್ಕದ್ದರಿಂದ ನನಗೆ ಕೆಲಸ ಬಂತು. ನನ್ನ ತಲೆಯಲ್ಲಿ ಹುಟ್ಟಿದ ಉಪಾಯಗಳಲ್ಲಿ ಇದಕ್ಕಿಂತ ಸೊಗಸಾದದ್ದು ಇಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ. ದುರ್ಗಕ್ಕೆ ಹೋಗಿ, ಅದೇ ಅಂಗಡಿಯಲ್ಲಿ, ಅದೇ ಹಳದಿ ಪಟ್ಟಿಯ ಎರಡು ಡಬ್ಬಿ ತಂದೆ. ನಾಲ್ಕು ದಿನ ಮನೆಮನೆಗೆ ತಿರುಗಿ, ಗಿರಣಿಗೆ ಬರುವ ಹೆಂಗಸರಿಗೆಲ್ಲ ಒಂದೊಂದು ಹಂಚಿ, ನಾನೂ ಒಂದು ತೊಟ್ಟೆ. ಎಲ್ಲರ ಕೈಯಲ್ಲೂ ಪಟ್ಟಿ ಇದ್ದರೆ ಯಾರ ಕೈಯಲ್ಲೂ ಇಲ್ಲದ ಹಾಗೆಯೇ ತಾನೆ? ಸಾಲು ತಾನಾಗಿ ಹಳೇ ಸಾಲಾಗುತ್ತದೆ. ಗೆಳೆಯ ಮುಖ ಊದಿಸಿಕೊಳ್ಳುತ್ತಾನೆ. ಕುರಿಯವಳು ಅದನ್ನು ನೋಡಿ ನಗಬೇಕೆಂದು ಅವಳು ಬರುವ ದಿನವನ್ನೇ ಆರಿಸಿದೆ.

ಆ ಬೆಳಗ್ಗೆ ಗಿರಣಿ ಶುರುವಾದೊಡನೆ ಮೂವತ್ತು ಕೈಗಳು ಮೇಲೆದ್ದವು. ಎಲ್ಲವೂ ಹಳದಿ.

ಗೆಳೆಯ ಕೈಗಳನ್ನು ನೋಡಿದ. ಆಮೇಲೆ ಹೊಂಗೆ ಮರದ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ನನ್ನನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು. ಬೋರ್ಡು ಕಿತ್ತು ನಗಬೇಕಿತ್ತು. ಆದರೆ ಸಾಣೆ ಹಿಡಿದ ಮನೆತನ, ಹಟವೂ ಚೂಪು.

"ಪಟ್ಟಿ ಇದ್ದೋರಿಗೆ ಮೊದ್ಲು ಅಂದಿದೀನಿ. ನನ್ನ ಮಾತು ಮಾತೇ. ಬರ್ರಮ್ಮ, ಎಲ್ಲಾರೂ ಬರ್ರಿ!"

ಬಂದರು. ಪಟ್ಟಿ ತೊಟ್ಟ ಮೇಲೆ ಎಲ್ಲರಿಗೂ ಅರ್ಜೆಂಟು ಹುಟ್ಟಿಬಿಟ್ಟಿತ್ತು. ಇಪ್ಪತ್ತು ವರ್ಷ ಮರದ ಕೆಳಗೆ ತಣ್ಣಗೆ ಕಾದಿದ್ದ ಗೋಧಿಯವರು ಮುಂದೆ ನುಗ್ಗಿದರು.

"ಏಯ್, ಇದು ರಾಗಿ ಹೊತ್ತು ಕಣೇ!"

"ನಂಗೂ ಪಟ್ಟಿ ಐತೆ, ನೋಡ್ಕ."

"ನಿಂದು ನಿನ್ನೆ ಬಂದಿದ್ದು, ನಂದು ಮೊನ್ನೆ."

ನಾನು ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಗಲಾಟೆಯಲ್ಲೇ ಹತ್ತೂವರೆ ದಾಟಿದ್ದು ಯಾರಿಗೂ ತಿಳಿಯಲಿಲ್ಲ. ಮೆಣಸಿನಕಾಯಿ ತಂದ ಹೆಂಗಸೊಬ್ಬಳು, ಮಧ್ಯಾಹ್ನದವರೆಗೆ ಯಾಕೆ ಕಾಯಲಿ ಎಂದು ತನ್ನ ಡಬ್ಬಿಯನ್ನೂ ತಳ್ಳಿದಳು. ಇಡೀ ಗಿರಣಿ ಸೀನಿತು. ನಾನೂ ಸೀನಿ ಕಣ್ಣು ಬಿಟ್ಟು ನೋಡಿದರೆ, ಸಾಲಿನ ಕಟ್ಟಕಡೆಗೆ ಒಬ್ಬಳೇ ನಿಂತಿದ್ದಳು ಕುರಿಯವಳು. ಚೀಲ ಸೊಂಟದ ಮೇಲೆ. ಎರಡೂ ಕೈ ಬರಿದು.

ನನ್ನ ನಗು ಅಲ್ಲೇ ನಿಂತಿತು. ಊರಲ್ಲಿ ಮನೆಮನೆಗೆ ಹಂಚಿದ್ದೆ. ಅವಳ ಮನೆ ಊರಲ್ಲಿರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳೊಬ್ಬಳಿಗೇ ಪಟ್ಟಿ ಕೊಡಲು ಮರೆತಿದ್ದೆ. ಹಿಮದ ಮೇಲೆ ನಾನು ನಿಂತಿದ್ದ ಜಾಗಕ್ಕೆ ನನ್ನ ಕೈಯಾರೆ ಅವಳನ್ನು ತಂದು ನಿಲ್ಲಿಸಿದ್ದೆ.

ಎದ್ದು ಓಡಿ, ನನ್ನ ಕೈಯ ಪಟ್ಟಿ ಕಿತ್ತು ಅವಳಿಗೆ ಚಾಚಿದೆ. ಅಷ್ಟರಲ್ಲಿ ಸರ್ಕಲ್ಲಿನ ಕಡೆಯಿಂದ ಹನ್ನೊಂದರ ಬಸ್ಸಿನ ಹಾರ್ನ್ ಕೇಳಿಸಿತು. ಒಂದು ಸಲ, ಎರಡು ಸಲ. ಆಮೇಲೆ ದೂರ.

"ಎಲ್ಲಾರ್ಗೂ ತೊಡಿಸಿದ್ಯಂತೆ. ನನ್ನ ಕೈ ಏನು ಮಾಡಿತ್ತಣ್ಣ?" ಎಂದಳು. ಈ ಸಲ ನಗಲಿಲ್ಲ. "ಮರಿಗಳು ಬಾಗ್ಲಿಗೆ ಬಂದು ನಿಂತಿರ್ತವೆ."

ಗೆಳೆಯನಿಗೂ ಅದು ಕೇಳಿಸಿತು. ಉಳಿದವರ ಚೀಲ ಪಕ್ಕಕ್ಕೆ ಸರಿಸಿ ಅವಳ ರಾಗಿಯನ್ನು ತಾನೇ ಎತ್ತಿ ಕಲ್ಲಿಗೆ ಸುರಿದ. ಅವಸರದಲ್ಲಿ ಇಬ್ಬರೂ ಒಂದನ್ನು ಮರೆತೆವು: ಕಲ್ಲಿನ ಹೊಟ್ಟೆಯಲ್ಲಿ ಆಗ ಇದ್ದದ್ದು ಮೆಣಸಿನಕಾಯಿ. ರಾಗಿ ಹಿಟ್ಟು ಕೆಂಪಗೆ ಇಳಿಯಿತು. ಅದನ್ನು ನೋಡಿ ಗಿರಣಿಯವರೆಲ್ಲ ಮತ್ತೊಮ್ಮೆ ಸೀನಿದರು.

"ಕಟ್ಕೊಡು, ಹೋಗಾಣ," ಎಂದೆ. ನನ್ನ ಹಳೇ ಮೊಪೆಡ್ಡಿನ ಹಿಂದೆ ಅವಳನ್ನು ಕೂರಿಸಿಕೊಂಡು, ಕಾಲಿನ ನಡುವೆ ಕೆಂಪು ಹಿಟ್ಟಿನ ಚೀಲ ಇಟ್ಟುಕೊಂಡು ತಾಳ್ಯದ ದಾರಿ ಹಿಡಿದೆ. ಎಪ್ಪತ್ತು ದಾಟಿದವನು ಆ ರಸ್ತೆಯಲ್ಲಿ ಅಷ್ಟು ವೇಗವಾಗಿ ಹೋದದ್ದು ಹಿಂದೆಂದೂ ಇಲ್ಲ. ಒಂದು ಲಾರಿಯನ್ನು ಹಿಂದೆ ಹಾಕಿದೆ. ಅದು ನಿಂತಿತ್ತು ಎಂದು ಅವಳು ಹೇಳುತ್ತಾಳೆ.

ಮರಿಗಳು ನಿಜವಾಗಿಯೂ ಬಾಗಿಲಲ್ಲಿ ನಿಂತಿದ್ದವು. ಹೊಟ್ಟೆ ಒಳಗೆ ಸೇರಿತ್ತು. ಹಾಲು ಬಿಸಿ ಮಾಡಿ ಒಂದನ್ನು ಅವಳು ತೊಡೆಗೆ ಎಳೆದುಕೊಂಡಳು, ಅದು ಬಾಲ ಕುಣಿಸುತ್ತ ಕುಡಿಯಿತು. ಇನ್ನೊಂದಕ್ಕೆ ನಾನು ಬಾಟಲಿ ಹಿಡಿದೆ. ಅದು ನನ್ನ ಮೂತಿ ನೋಡಿ, ಬಾಟಲಿ ಮೂಸಿ, ತಲೆ ತಿರುಗಿಸಿತು.

"ಅದ್ಕೂ ಗೊತ್ತಾಗೈತೆ ನೀನು ಎಂಥೋನು ಅಂತ. ಇರು, ಅದ್ರ ಸರದಿ ಬರ್ಲಿ, ನಾನೇ ಕುಡಿಸ್ತೀನಿ," ಎಂದಳು. ಮರಿ ತನ್ನ ಸರದಿಗೆ ಕಾದು ನಿಂತಿತು. ನಾನೂ ನಿಂತೆ.

ಎರಡೂ ಕುಡಿದು ಮುಗಿಸುವ ಹೊತ್ತಿಗೆ ಹೊರಗೆ ಸ್ಕೂಟರಿನ ಸದ್ದು. ನಡುಹಗಲಲ್ಲಿ ಗಿರಣಿ ನಿಲ್ಲಿಸಿ ಗೆಳೆಯ ಬಂದಿದ್ದ. ಆ ಕಲ್ಲು ಹಾಗೆ ನಿಂತದ್ದನ್ನು ನಾನು ಅವನ ತಂದೆ ತೀರಿಕೊಂಡ ದಿನ ಬಿಟ್ಟರೆ ಕಂಡಿಲ್ಲ. ಮುಂದೆ ಒಂದು ಚೀಲ, ಅವನ ಮನೆಯ ರಾಗಿ ಹಿಟ್ಟು. ಅದನ್ನು ಜಗಲಿಯ ಮೇಲಿಟ್ಟು, ಟೋಪಿ ತೆಗೆದು ಒದರಿ, ಮತ್ತೆ ಹಾಕಿಕೊಂಡ.

"ತಪ್ಪಾತಮ್ಮ. ಮರಿ ಕುಡಿದ್ವಾ?"

"ಕುಡಿದ್ವು. ಒಳಿಕ್ ಬರ್ರಿ, ಕುಂತ್ಕಳ್ರಿ ಇಬ್ರೂ. ಉಂಡ್ಕಂಡು ಹೋಗ್ರಿ."

ಉಣ್ಣಲು ಬಡಿಸಿದ್ದು ಕೆಂಪು ಹಿಟ್ಟಿನ ಮುದ್ದೆ. ಗೆಳೆಯ ತಂದ ಹಿಟ್ಟನ್ನು ಅವಳು ಮುಟ್ಟಲೇ ಇಲ್ಲ. ಮೊದಲ ತುತ್ತಿಗೆ ನನ್ನ ಕಿವಿಯಲ್ಲಿ ಗಿರಣಿ ಓಡಿದಂತಾಯಿತು. ಎರಡನೆಯದಕ್ಕೆ ಗೆಳೆಯ ಅಳತೊಡಗಿದ.

"ನಿನ್ನಿಂದ್ಲೇ ಕಣೋ," ಎಂದ ಮೂಗು ಒರೆಸಿಕೊಳ್ಳುತ್ತ.

"ಬೋರ್ಡು ಹಾಕಿದ್ದು ಯಾರು?"

"ಹಿಮಕ್ಕೆ ಕರ್ಕಂಡು ಹೋಗಿದ್ದು ಯಾರು?"

"ಸುಮ್ನೆ ಉಣ್ರಿ ಇಬ್ರೂ," ಎಂದಳು ಅವಳು ಮಜ್ಜಿಗೆ ಚೊಂಬು ತನ್ನ ಹತ್ತಿರವೇ ಇಟ್ಟುಕೊಂಡು. "ಆ ಪಟ್ಟಿ ತೆಗೆದುಬಿಡಣ್ಣ ನೀನು. ಸಾಲು ಸಾಲಿನಂಗೆ ಇದ್ರೆ ನಂಗೆ ಬಸ್ಸು ಸಿಗ್ತೈತೆ, ಯಾರ ಉಪಕಾರನೂ ಬ್ಯಾಡ. ಇನ್ನು ಈ ಅಣ್ಣಂಗೆ..." ನನ್ನ ಕಡೆ ತಿರುಗಿದಳು. "ಬೆಳಗ್ಗೆ ಕಲ್ಲಿಗೆ ಮೊದ್ಲು ಬೀಳೋ ಸೇರು ರಾಗಿ ಇನ್ಮೇಲೆ ಈತಂದು."

ಗೆಳೆಯ ಕಣ್ಣೀರಿನ ನಡುವೆಯೇ ನಕ್ಕ. ಆಗ ಮಜ್ಜಿಗೆ ಬಂತು.

ಬೋರ್ಡು ಅಂದೇ ಇಳಿಯಿತು. ಕೊಟ್ಟವರಿಗೆ ಅವನು ದುಡ್ಡು ಹಿಂದಿರುಗಿಸಿದ. ಪಟ್ಟಿಗಳು ಈಗ ಹಿಟ್ಟಿನ ಚೀಲದ ಬಾಯಿ ಕಟ್ಟಲು ಬಳಕೆಯಾಗುತ್ತಿವೆ, ಅದಕ್ಕೆ ಬಹಳ ಚೆನ್ನಾಗಿವೆ. ಗೋಧಿಯವರು ಮರದ ಕೆಳಗೆ ಮರಳಿದ್ದಾರೆ. ನಾನು ಬೆಳಗ್ಗೆ ಆರೂವರೆಗೆ ಒಂದು ಸೇರು ರಾಗಿ ಹಿಡಿದು ಹೋಗುತ್ತೇನೆ. ಅರ್ಧ ಕಲ್ಲಿಗೆ, ಅರ್ಧ ನನಗೆ. ಇಡೀ ಹೊಳಲ್ಕೆರೆಯಲ್ಲಿ ದಿನವೂ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೊಬ್ಬನೇ. ನನ್ನನ್ನು ದಾಟಿ ಹೋಗಲು ಇದುವರೆಗೆ ಯಾರೂ ಪ್ರಯತ್ನಿಸಿಲ್ಲ.

ಮೊನ್ನೆ ಕುರಿಯವಳು ಚೀಲ ಇಳಿಸುತ್ತ ಕೇಳಿದಳು: "ಏನಣ್ಣ, ಇವತ್ತೂ ಫಸ್ಟಾ?"

"ಪಟ್ಟಿ ಇಲ್ದೆ!" ಎಂದೆ.

ಅವಳು ನಕ್ಕಳು. ಹನ್ನೊಂದಕ್ಕೆ ಇನ್ನೂ ಬಹಳ ಹೊತ್ತಿತ್ತು.