ಆಟಿ ಸೊಪ್ಪಿನ ಬಣ್ಣ ಹೋಯ್ತಾ?

ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ, ಬೆಳಗಿನ ಕಾಫಿ ಕುಡಿಯುತ್ತಾ, ಎಲ್ಲರೂ ಮೂತ್ರದ ಬಣ್ಣದ ಬಗ್ಗೆ ಮಾತಾಡುತ್ತೇವೆ. ಅಂದು ನಾಚಿಕೆಗೆ ರಜೆ. ಮಾವನವರ ಬಣ್ಣ ಹೇಗಿದೆ ಅಂತ ಸೊಸೆ ವಿಚಾರಿಸುವ ಮನೆಗಳೂ ಕೊಡಗಿನಲ್ಲಿವೆ.

(ತಿಂಡಿ ತಿನ್ನುತ್ತಾ ಪೇಪರ್ ಓದುವವರು ಈ ವಾರ ಕ್ಷಮಿಸಬೇಕು. ತಟ್ಟೆ ತೊಳೆದಿಟ್ಟು ಬಂದು ಓದಿ.)

ಕೊಡಗಿನವರಿಗೆ ಯಾವ ದಿನ ಅಂತ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ಆಟಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಶುರುವಿನಲ್ಲಿ, ಮಳೆ ಜಡಿಯುತ್ತಿರುವಾಗ ನಾವು ಒಂದು ಸೊಪ್ಪು ತಿನ್ನುತ್ತೇವೆ. ಕೊಡವರು ಆ ತಿಂಗಳಿಗೆ ಕಕ್ಕಡ ಅನ್ನುತ್ತಾರೆ, ನಾವು ಅರೆಭಾಷೆಯವರು ಆಟಿ ಅನ್ನುತ್ತೇವೆ. ಸೊಪ್ಪು ಒಂದೇ. ಬೇಯಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪು. ಯಾರದ್ದು ಹೆಚ್ಚು ಕೆಂಪೋ ಅವರಿಗೆ ಮದ್ದು ಚೆನ್ನಾಗಿ ಹಿಡಿದಿದೆ ಅಂತ ಲೆಕ್ಕ.

ಈ ವರ್ಷ ನಮ್ಮ ಮನೆಯಲ್ಲಿ ಗೆದ್ದವರು ನಮ್ಮ ಯಜಮಾನರು.

ಇವರನ್ನು ಈ ಅಂಕಣದ ಹಳೆಯ ಓದುಗರು ಬಲ್ಲರು. ಹುದಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಹಾಜರಿ ಬರೆಯುವ ಗುಮಾಸ್ತ, ಆಗಿದ್ದವರು. ಕೂಲಿಯವರ ಲೈನ್ ಮನೆಯಲ್ಲಿ ಯಾರಿಗೆ ಜ್ವರ, ಯಾರು ಕಾಫಿ ಪಿಕ್ಕಿಂಗಿಗೆ ಬಂದಿಲ್ಲ ಎಂಬುದನ್ನು ಮೂವತ್ತು ವರ್ಷ ಬರೆದಿಟ್ಟವರು. ತಮ್ಮ ಮೈಯ ವಿಷಯ ಮಾತ್ರ ಒಂದು ಸಾಲೂ ಬರೆದವರಲ್ಲ. ಈಗ ನಿವೃತ್ತಿ. ಹೃದಯಕ್ಕೆ ಒಂದು ಸ್ಟೆಂಟ್, ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ, ಎಡ ಮಂಡಿ ನೋವು. ಒಂದೊಂದಕ್ಕೂ ಬೇರೆ ಡಾಕ್ಟರು, ಬೇರೆ ಫೈಲು. ಎಲ್ಲ ಫೈಲುಗಳನ್ನೂ ಒಂದು ಬಟ್ಟೆ ಅಂಗಡಿಯ ಚೀಲದಲ್ಲಿ ಹೊತ್ತು ತಿರುಗುವವಳು ನಾನು.

ಆಟಿ ಹತ್ತೊಂಬತ್ತಕ್ಕೆ ಇವರು ಬಾತ್‌ರೂಮಿನಿಂದ ಹೆಮ್ಮೆಯಿಂದ ಹೊರಗೆ ಬಂದರು. ಇಪ್ಪತ್ತಕ್ಕೂ ಬಂದರು. ಇಪ್ಪತ್ತಾರಕ್ಕೆ, ಇನ್ನೂ ಕೆಂಪಿದೆ ಅಂದಾಗ ನಾನು ನಕ್ಕೆ. ಮೂರು ಬಟ್ಟಲು ಪಾಯಸ ಹೊಡೆದರೆ ಇನ್ನೇನಾಗುತ್ತದೆ ಅಂದೆ. ನನ್ನ ಬಳಿ ಇನ್ನೊಂದು ಕಾರಣವೂ ಇತ್ತು. ಉಳಿದ ಸೊಪ್ಪಿನ ನೀರನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಇವರಿಗೆ ಇಷ್ಟ ಅಂತ ವಾರ ಬಿಟ್ಟು ಅದರಲ್ಲೇ ಹಲ್ವ ಮಾಡಿದ್ದೆ. ಹಾಗಾಗಿ ಕೆಂಪಿಗೆ ಒಂದಲ್ಲ, ಎರಡು ವಿವರಣೆ.

"ಎಂತದೂ ಇಲ್ಲೆ, ಸೊಪ್ಪುನ ಬಣ್ಣ," ಅಂತ ಇವರೂ ಹೇಳಿದರು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಮತ್ತೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆ ದಿನಗಳಲ್ಲಿ ಡಾಕ್ಟರನ್ನು ನೋಡಲೇ ಇಲ್ಲ ಅಂತಲ್ಲ. ಅದೇ ತಮಾಷೆ. ಎರಡು ಸಲ ನೋಡಿದೆವು. ಸಕ್ಕರೆ ಡಾಕ್ಟರು, ಮೂತ್ರ ಎಷ್ಟು ಸಲ ಹೋಗುತ್ತದೆ ಅಂತ ಕೇಳಿದರು. ಯಾವ ಬಣ್ಣದಲ್ಲಿ ಹೋಗುತ್ತದೆ ಅಂತ ಕೇಳಲಿಲ್ಲ. ಮೈಸೂರಿನ ಹೃದಯದ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಎಲ್ಲಾ ಫಸ್ಟ್ ಕ್ಲಾಸ್ ಅಂದು, ಮಾತ್ರೆ ಮುಂದುವರಿಸಲು ಬರೆದರು. ಇಬ್ಬರೂ ಒಳ್ಳೆಯ ಡಾಕ್ಟರುಗಳೇ. ಸುಳ್ಳು ಹೇಳಬಾರದು. ತಮ್ಮ ತಮ್ಮ ಪಾಲಿನ ಗಂಡನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ. ಇಡೀ ಗಂಡನನ್ನು ನೋಡುವ ಕೌಂಟರ್ ಎಲ್ಲೂ ಇಲ್ಲ, ಅಷ್ಟೇ.

ನಾವಾದರೂ ಹೇಳಿದೆವಾ? ಇಲ್ಲ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ, ಪಾಯಸದ ಕಥೆ ಹೇಳುತ್ತಾ ಕೂರುವುದಕ್ಕಾಗುತ್ತದಾ?

ಒಂದು ಕಾಲದಲ್ಲಿ ಹೇಳದೆ ಬಚಾವಾಗಲು ಸಾಧ್ಯವಿರಲಿಲ್ಲ. ನಮ್ಮ ಪೇಟೆಯಲ್ಲಿ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಒಬ್ಬರು ಡಾಕ್ಟರಿದ್ದರು. ಬರೀ ಎಂ.ಬಿ.ಬಿ.ಎಸ್. ಅವರ ಬಳಿ ಒಂದು ಉದ್ದನೆಯ ಪುಸ್ತಕ ಇತ್ತು. ಅದರಲ್ಲಿ ರೋಗಿಗೊಂದು ಪುಟ ಅಲ್ಲ, ಮನೆಗೊಂದು ಪುಟ. ನಮ್ಮ ಪುಟದಲ್ಲಿ ನನ್ನ ಅತ್ತೆಯ ಹೆಸರಿನ ಮುಂದೆ, ಉಪ್ಪಿನಕಾಯಿ ಬಿಟ್ಟಿದ್ದೇನೆ ಅನ್ನುತ್ತಾರೆ, ನಂಬಬಾರದು ಅಂತ ಬರೆದಿದ್ದರು. ನಾನೇ ಕಣ್ಣಾರೆ ಓದಿದ್ದೇನೆ. ನನ್ನ ಹೆಸರಿನ ಮುಂದೆ ಏನು ಬರೆದಿದ್ದರೋ, ಅಷ್ಟರಲ್ಲಿ ಪುಸ್ತಕ ಮುಚ್ಚಿದರು.

ದೇವರೇನಲ್ಲ ಅವರು. ಮಹಾ ಸಿಡುಕ. ನನ್ನ ತಂಗಿಯ ಟೈಫಾಯ್ಡನ್ನು ಹತ್ತು ದಿನ ಬರೀ ಶೀತ ಜ್ವರ ಅಂದವರು. ಆದರೆ ಆಟಿ ಇಪ್ಪತ್ತು ಕಳೆದ ಮೇಲೆ ಕ್ಲಿನಿಕ್ಕಿಗೆ ಯಾರೇ ಕಾಲಿಡಲಿ, ಕೆಮ್ಮಿಗೆ ಬರಲಿ, ಕಜ್ಜಿಗೆ ಬರಲಿ, ಮೊದಲ ಪ್ರಶ್ನೆ ಒಂದೇ.

"ಬಣ್ಣ ಹೋಯ್ತಾ?"

ನಮಗೆಲ್ಲ ನಗು. ಮುದುಕನಿಗೆ ಬೇರೆ ಕೆಲಸವಿಲ್ಲ ಅಂತ ಹೆಂಗಸರು ಹೊರಗೆ ಬಂದು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದೆವು. ಆ ಪ್ರಶ್ನೆ ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲವು ವರ್ಷದ ಹಿಂದೆ ಅವರಿಗೇ ಕೈಲಾಗದೆ ಕ್ಲಿನಿಕ್ ಮುಚ್ಚಿ ಮಗಳ ಮನೆಗೆ ಹೋದರು. ಆ ಕುರ್ಚಿಯಲ್ಲಿ ಕೂರಲು ಯಾರೂ ಬರಲಿಲ್ಲ. ಬೋರ್ಡಿದ್ದ ಜಾಗದಲ್ಲಿ ಈಗ ಹೋಮ್‌ಸ್ಟೇ ಬುಕ್ಕಿಂಗ್ ಅಂತಿದೆ.

ಸರಿ, ಕಥೆಗೆ ಬರುತ್ತೇನೆ. ಆಟಿ ಮುಗಿದು ಸೋಣ ತಿಂಗಳು ಹಿಡಿದು ಒಂದು ವಾರ ಆಗಿತ್ತು. ಆಶಾ ಕಾರ್ಯಕರ್ತೆ ಸಿಂಧು ಬಂದಳು. ಕುಟ್ಟದ ಕಡೆಯ ಮಲಯಾಳಿ ಹುಡುಗಿ, ನಮ್ಮ ಪಕ್ಕದ ಓಣಿಗೆ ಮದುವೆಯಾಗಿ ಬಂದವಳು. ಡೆಂಗಿ ಸರ್ವೆ. ನಮ್ಮ ನೀರಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ಹುಳ ಹುಡುಕಿದಳು. ಆಮೇಲೆ ಜಗಲಿಯಲ್ಲಿ ಕೂತು ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ, ಮೈಕೈ ನೋವಿದೆಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದಳು. ಇವರಿಗೆ ಯಾರಾದರೂ ಸಿಕ್ಕರೆ ಸಾಕು. ಜ್ವರ ಗಿರ ಏನಿಲ್ಲ, ಈ ವರ್ಷ ನನಗೆ ಮದ್ದು ಎಷ್ಟು ಚೆನ್ನಾಗಿ ಹಿಡಿದಿದೆ ಅಂದರೆ ಇನ್ನೂ ಕೆಂಪು ಬಿಟ್ಟಿಲ್ಲ ಅಂತ ಜೋಕ್ ಹೊಡೆದರು.

ನಾನು ನಗಲು ರೆಡಿಯಾಗಿದ್ದೆ. ಸಿಂಧು ಪೆನ್ನು ನಿಲ್ಲಿಸಿದಳು.

"ಸೊಪ್ಪು ತಿಂದದ್ದು ಯಾವತ್ತು ಟೀಚರೇ?"

ಹೇಳಿದೆ. ಹಲ್ವದ ದಿನವನ್ನೂ ಹೇಳಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಬೆರಳು ಮಡಚಿ ಎಣಿಸಿದಳು.

"ನಮ್ಮ ಮನೇಲಿ ಎರಡು ದಿನಕ್ಕೆ ಹೋಗ್ತದೆ ಟೀಚರೇ. ಇದು ಸೊಪ್ಪಿಂದು ಅಲ್ಲ. ನಾಳೆನೇ ಡಾಕ್ಟ್ರಿಗೆ ತೋರ್ಸಿ."

ಇಷ್ಟೇ. ಯಾವ ಯಂತ್ರವೂ ಬೇಕಾಗಲಿಲ್ಲ. ಮನೆಯಲ್ಲಿ ಏನು ಬೇಯುತ್ತದೆ ಅಂತ ಗೊತ್ತಿರುವವಳು, ದಿನ ಎಣಿಸಲು ಬರುವವಳು, ಐದು ನಿಮಿಷ ಜಗಲಿಯಲ್ಲಿ ಕೂತಳು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನಾನು ಎಣಿಸಿರಲಿಲ್ಲ.

ಡಾಕ್ಟರಿಗೆ ತೋರಿಸಿ ಅಂದಳು. ಯಾವ ಡಾಕ್ಟರಿಗೆ? ಇದು ಈಗಿನ ಕಾಲದ ಅತಿ ಕಷ್ಟದ ಪ್ರಶ್ನೆ, ನೀವೂ ಎದುರಿಸಿರುತ್ತೀರಿ. ರಕ್ತ ತೆಳು ಮಾಡುವ ಮಾತ್ರೆಯಿಂದ ಇರಬಹುದಾ ಅಂತ ಹೃದಯದವರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಮೂತ್ರದ ವಿಷಯ ನಮ್ಮಲ್ಲಿ ನೋಡುವುದಿಲ್ಲ ಮೇಡಂ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂದರು. ಸಕ್ಕರೆಯವರ ಕಡೆಯಿಂದ ಕಿಡ್ನಿ ಡಾಕ್ಟರಿಗೆ ತೋರಿಸಿ ಅಂತ ಬಂತು. ಕಿಡ್ನಿಯವರ ರಿಸೆಪ್ಷನ್ನಿನಲ್ಲಿ, ಇದು ನಮ್ಮದಲ್ಲ, ಯೂರಾಲಜಿ, ಅವರು ಗುರುವಾರ ಸಿಗುತ್ತಾರೆ ಅಂದರು. ರೈಲ್ವೆ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಹುಡುಕಿದ ಹಾಗೆ ಚೀಲ ಹಿಡಿದು ಓಡಿದೆ. (ಕೊಡಗಿನವಳು, ರೈಲು ನೋಡಿದ್ದೇ ಕಮ್ಮಿ.) ಸುಸ್ತಾಯಿತು. ಕಾಲಿಗಲ್ಲ. ಅದೇ ಕಥೆಯನ್ನು ಅದೇ ಕ್ರಮದಲ್ಲಿ ಮತ್ತೆ ಮತ್ತೆ ಅಪರಿಚಿತರಿಗೆ ಹೇಳಿ ಹೇಳಿ ನನಗೇ ನನ್ನ ಗಂಡ ಯಾರೋ ಬೇರೆಯವರ ಕೇಸು ಅನ್ನಿಸತೊಡಗಿತು.

ಗುರುವಾರದ ಕಾಯುವಿಕೆಯಲ್ಲಿ ಆಸ್ಪತ್ರೆಯ ಟಿ.ವಿ.ಯಲ್ಲಿ ಒಂದು ಚರ್ಚೆ ಬರುತ್ತಿತ್ತು. ಕೋಟು ಹಾಕಿದ ನಾಲ್ಕು ಜನ. ಜಗತ್ತಿನ ಆರೋಗ್ಯ ಸುಧಾರಿಸಬೇಕಾದರೆ ಫ್ಯಾಮಿಲಿ ಮೆಡಿಸಿನ್ ಬಲಪಡಿಸಬೇಕು ಅಂತ ಒಬ್ಬರು ಹೇಳಿದರು. ಕುಟುಂಬ ವೈದ್ಯರಾಗುವುದಕ್ಕೇ ಬೇರೆ ಡಿಗ್ರಿ ಇದೆಯಂತೆ. ನನಗೆ ಗೊತ್ತಿರಲಿಲ್ಲ. ಉಳಿದ ಮೂವರೂ ತಲೆಯಾಡಿಸಿದರು. ನನಗೆ ಎದ್ದು ಹೋಗಿ ಅವರನ್ನು ಕೇಳಬೇಕು ಅನ್ನಿಸಿತು. ಸ್ವಾಮಿ, ಜಗತ್ತು ಅಂದರೆ ಎಲ್ಲಿಂದ ಶುರು? ನಮ್ಮ ಬಾತ್‌ರೂಮು ಅದರಲ್ಲಿ ಸೇರುತ್ತದಾ? ತಿತಿಮತಿಯ ಕಾಡಂಚಿನಲ್ಲಿ, ನಮ್ಮ ಎಸ್ಟೇಟಿನ ಲೈನ್ ಮನೆಗಳಲ್ಲಿ, ಒಬ್ಬ ಡಾಕ್ಟರ್ ಹತ್ತು ವರ್ಷ ಅಲ್ಲಾಡದೆ ಕೂತರೆ ಅದು ಜಗತ್ತಿನ ಆರೋಗ್ಯದ ಲೆಕ್ಕಕ್ಕೆ ಬರುತ್ತದಾ? ಡಿಗ್ರಿ ಇದ್ದರೆ ಸಂತೋಷ. ಓದಿದವರು ಎಲ್ಲಿ ಕೂತಿದ್ದಾರೆ, ವಿಳಾಸ ಕೊಡಿ.

ಯಾರ ಮೇಲೆ ಸಿಟ್ಟು ಅಂತ ನನಗೇ ಸ್ಪಷ್ಟವಿಲ್ಲ. ಪೇಟೆಯ ಡಾಕ್ಟರನ್ನು ಬರೀ ಎಂ.ಬಿ.ಬಿ.ಎಸ್. ಅಂತ ಮೂಗು ಮುರಿದು ಸ್ಪೆಷಲಿಸ್ಟ್ ಹುಡುಕಿಕೊಂಡು ಮೈಸೂರಿಗೆ ಮೊದಲು ಹೋದವರು ನಾವೇ ತಾನೇ? ದೊಡ್ಡ ಆಸ್ಪತ್ರೆಯ ಫೈಲು ಕಂಕುಳಲ್ಲಿದ್ದರೆ ನಮಗೊಂದು ಗತ್ತು. ಅವರ ಕ್ಲಿನಿಕ್ಕಿನ ಬೆಂಚು ಖಾಲಿಯಾಗುತ್ತಾ ಬಂದದ್ದನ್ನು ನಾನು ನೋಡಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸ್ಕ್ಯಾನ್ ಆಯಿತು. ಮೂತ್ರಕೋಶದಲ್ಲಿ ಒಂದು ಗಡ್ಡೆ ಇದೆ. ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಅದರ ಜಾತಿ ಗೊತ್ತಾಗುತ್ತದೆ. ಅಲ್ಲಿಯವರೆಗೆ ಏನೂ ಹೇಳಲಾಗದು ಅಂದರು. ಯೂರಾಲಜಿಯ ಡಾಕ್ಟರು ಚಿಕ್ಕ ಪ್ರಾಯದವರು, ಮೃದು ಮಾತು. ಬೈಯಲಿಲ್ಲ. ರಕ್ತ ಕಾಣಿಸಿದ್ದು ಯಾವಾಗಿನಿಂದ ಅಂತ ಕೇಳಿದರು.

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ.

ಹೇಗೆ ಹೇಳುವುದು? ಹತ್ತೊಂಬತ್ತರ ಕೆಂಪು ಸೊಪ್ಪಿನದ್ದು ಅಂತ ಇಟ್ಟುಕೊಳ್ಳೋಣ. ಇಪ್ಪತ್ತೊಂದರದ್ದು? ಹಲ್ವ ತಿಂದ ಮರುದಿನದ್ದು? ಯಾವ ಕೆಂಪು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು? ನಾನು ಯಾವಾಗಿನಿಂದ ನಗುತ್ತಿದ್ದೆ ಅಂತ ಕೇಳಿದ್ದರೆ ತಾರೀಖು ಸಮೇತ ಹೇಳುತ್ತಿದ್ದೆ. ಸುಮಾರು ಮೂರು ವಾರ ಇರಬಹುದು ಅಂದೆ. ಅವರು ಬರೆದುಕೊಂಡರು. ಮೂರು ವಾರದಲ್ಲಿ ಏನಾದರೂ ವ್ಯತ್ಯಾಸ ಆಗಿದೆಯಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ಭಯವಾಯಿತು, ಈಗಲೂ ಆಗುತ್ತಿದೆ.

ಆಪರೇಷನ್ ತಕ್ಷಣ ಆಗಲಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕು, ಅದಕ್ಕೆ ಹೃದಯದವರ ಚೀಟಿ ಬೇಕು. ಸಕ್ಕರೆ ಹತೋಟಿಗೆ ಬರಬೇಕು, ಅದಕ್ಕೆ ಇನ್ನೊಬ್ಬರ ಚೀಟಿ. ಅವರಿಂದ ಇವರಿಗೆ, ಇವರಿಂದ ಅವರಿಗೆ ಸುದ್ದಿ ಒಯ್ಯುತ್ತಾ ಎರಡು ವಾರ ಕಳೆದೆ. ಅಂಕಣ ಯಾಕೆ ಬರಲಿಲ್ಲ ಅಂತ ಫೋನ್ ಮಾಡಿದವರಿಗೆಲ್ಲ ಇದೇ ಉತ್ತರ. ಫೋನ್ ಎತ್ತಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಮೊನ್ನೆ ಅಡ್ಮಿಟ್ ಮಾಡಿದೆವು. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಫಾರಂ ತುಂಬಿಸುತ್ತಿದ್ದಳು. ಹೆಸರು, ಪ್ರಾಯ, ಊರು, ಅಲರ್ಜಿ. ಚುರುಕು ಹುಡುಗಿ, ತಲೆ ಎತ್ತದೆ ಕೇಳುತ್ತಿದ್ದಳು. ಇವರು ಗಾಲಿಕುರ್ಚಿಯಲ್ಲಿ ಕೂತು ರೈಟರ್ ಗತ್ತಿನಲ್ಲೇ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು.

"ಫ್ಯಾಮಿಲಿ ಡಾಕ್ಟರ್ ಯಾರು ಸರ್?" ಅಂತ ಕೇಳಿದಳು.

ಇವರು ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಕೈ ತೋರಿಸಿದರು.