ಎರವಲು ಅಟ್ಟೆ

ಸ್ಪೀಡ್‌ವೇ ಬೈಕಿಗೆ ಬ್ರೇಕೇ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಟೊರಾಂಟೊ ಹತ್ತಿರದ ಈ ಅಂತರರಾಷ್ಟ್ರೀಯ ರೇಸಿನಲ್ಲಿ. “ತಿರುವಿನ್ಯಾಗ ಎಡಗಾಲು ನೆಲಕ್ಕ ಊರತಾರ್ರೀ. ಅದಕ್ಕ ಆ ಬೂಟಿನ ಕೆಳಗ ಸ್ಟೀಲ್ ಅಟ್ಟಿ ಕಟ್ಟಿರತಾರ,” ಎಂದರು ನನ್ನನ್ನು ಕರೆತಂದ ಬಸವರಾಜ, ಬರ್ಲಿಂಗ್ಟನ್ನಿನಲ್ಲಿ ವೆಲ್ಡರ್ ಆಗಿರುವ ಹುಬ್ಬಳ್ಳಿಯವರು.

ಫೈನಲ್‌ಗೆ ಮುಂಚಿನ ಪಂದ್ಯಕ್ಕೆ ಎರಡೇ ನಿಮಿಷವಿದ್ದಾಗ, ನಾವು ನಿಂತಿದ್ದ ಬೇಲಿಯಾಚೆ ಪೋಲೆಂಡಿನ ಸವಾರನ ಅಟ್ಟೆ ಸೀಳಿಹೋಯಿತು. “ವೆಲ್ಡಿಂಗಿಗೆ ಟೈಮ್ ಸಾಲೂದಿಲ್ರೀ,” ಎಂದು ಬಸವರಾಜ ತಲೆಯಾಡಿಸಿದರು.

ತನ್ನ ಪಂದ್ಯಗಳನ್ನು ಮುಗಿಸಿ ಅವನ ಪಕ್ಕದಲ್ಲಿ ನಿಂತಿದ್ದ ಡೆನ್ಮಾರ್ಕಿನ ಸವಾರ ತನ್ನ ಅಟ್ಟೆಯನ್ನೇ ಬಿಚ್ಚಿ ಕೊಟ್ಟ. ಪೋಲೆಂಡಿನವನು ಸೋತರೆ ಅಂಕಗಳ ಲೆಕ್ಕದಲ್ಲಿ ಫೈನಲ್ ಜಾಗ ಇವನದೇ. ನಾನಾಗಿದ್ದರೆ ನೋಡಿಯೂ ನೋಡದಂತೆ ಇರುತ್ತಿದ್ದೆ.

ಪೋಲೆಂಡಿನವನು ಗೆದ್ದ. ನೇರವಾಗಿ ಬೇಲಿಯ ಬಳಿ ಬಂದು, ಇನ್ನೂ ಬಿಸಿಯಿದ್ದ ಅಟ್ಟೆಯನ್ನು ಬಿಚ್ಚಿ ಚಾಚಿದ. ಡೆನ್ಮಾರ್ಕಿನವನು ಕೈಯನ್ನೇ ಮುಂದೆ ಮಾಡಲಿಲ್ಲ.

“ಫೈನಲ್ ಮುಗಿಸಿ ಕೊಡು,” ಎಂದ.